ಮುಂಗಡ ಸ್ತೋತ್ರ

ಮೂರನೆಯ ಹಿಡಿ ಮಣ್ಣು ಹಾಕಲು ಬಗ್ಗಿದಾಗ ಇಸ್ತ್ರಿಯಮ್ಮನಿಗೆ ಚೀಟಿಯ ನೆನಪಾಯಿತು.

ಮಣ್ಣು ಕೈಯಲ್ಲೇ ಉಳಿಯಿತು. ಗುಂಡಿ ತೀರಾ ಚಿಕ್ಕದು. ಅಗೆಯುವವನಿಗೆ ಅರ್ಧ ಗಂಟೆಯ ಕೆಲಸವೂ ಆಗಿರಲಿಲ್ಲ. ಗುದ್ದಲಿಯ ಹಿಡಿಗೆ ಗದ್ದ ಆನಿಸಿ ಬೇಲಿಯ ಪಕ್ಕ ನಿಂತಿದ್ದ. ಸಭಾಪಾಲಕರು ಪ್ರಾರ್ಥನೆ ಮುಗಿಸಿ ಪುಸ್ತಕ ಮುಚ್ಚಿದ್ದರು. ಬಂದಿದ್ದ ಇಪ್ಪತ್ತು ಮೂವತ್ತು ಜನ ಅವಳ ಕೈಯನ್ನೇ ನೋಡುತ್ತಿದ್ದರು. ಅಜ್ಜಿಯ ಮೂರನೆಯ ಹಿಡಿ ಬಿದ್ದ ಮೇಲಲ್ಲವೇ ಉಳಿದವರು ಹಾಕಬೇಕಾದದ್ದು.

"ಅತ್ತೆ," ಅಳಿಯ ಮೊಣಕೈ ಮುಟ್ಟಿದ. "ಬಿಡಿ ಅತ್ತೆ."

ಅವಳು ಬೆರಳು ಸಡಿಲಿಸಿದಳು. ಮರದ ಮುಚ್ಚಳದ ಮೇಲೆ ಮಣ್ಣು ಬಿದ್ದ ಸದ್ದು ಕೇಳಿಸಿತು. ಆದರೆ ಮನಸ್ಸು ಆಗಲೇ ಅಲ್ಲಿಂದ ಎದ್ದು ಹೋಗಿಬಿಟ್ಟಿತ್ತು. ಪ್ರಾರ್ಥನಾಲಯದ ಬಾಗಿಲ ಪಕ್ಕದಲ್ಲಿ, ಛತ್ರಿ ನಿಲ್ಲಿಸುವ ಜಾಗದ ಮೇಲೆ, ಗೋಡೆಗೆ ಹೊಡೆದ ಮರದ ಪೆಟ್ಟಿಗೆಯೊಂದಿದೆ. ಅವಳ ಚೀಟಿ ಅದರೊಳಗಿತ್ತು. ನಾಳೆ ಭಾನುವಾರ.

ಅದು ಸ್ತೋತ್ರದ ಪೆಟ್ಟಿಗೆ. ಆ ಸಭೆಯಲ್ಲಿ ಯಾರಿಗೆ ಏನು ಒಳ್ಳೆಯದಾದರೂ ಅದನ್ನು ಚೀಟಿಯಲ್ಲಿ ಬರೆದು ಆ ಪೆಟ್ಟಿಗೆಗೆ ಹಾಕುತ್ತಾರೆ. ಬರೆದವರು ಹೆಸರು ಹಾಕುವಂತಿಲ್ಲ. ಭಾನುವಾರ ಬೋಧನೆ ಮುಗಿದ ಮೇಲೆ ಸಭೆಯ ಹಿರಿಯರಾದ ಮೇಷ್ಟ್ರು ಬೀಗ ತೆಗೆದು ಒಂದೊಂದೇ ಚೀಟಿ ಬಿಚ್ಚಿ ಓದುತ್ತಾರೆ. ಪ್ರತಿಯೊಂದಕ್ಕೂ ಜನ ಒಟ್ಟಾಗಿ "ದೇವರಿಗೆ ಸ್ತೋತ್ರ" ಅನ್ನುತ್ತಾರೆ. ಕಳೆದುಹೋದ ಛತ್ರಿ ಸಿಕ್ಕಿತು, ದೇವರಿಗೆ ಸ್ತೋತ್ರ. ಮಗ ಮೂರನೆಯ ಸಲಕ್ಕಾದರೂ ಪಾಸಾದ, ದೇವರಿಗೆ ಸ್ತೋತ್ರ. ಮೇಷ್ಟ್ರು ಭೂಗೋಳ ಕಲಿಸಿ ನಿವೃತ್ತರಾದವರು. ತರಗತಿಯಲ್ಲಿ ನದಿಗಳ ಹೆಸರು ಓದುತ್ತಿದ್ದ ದನಿಯಲ್ಲೇ ಎಲ್ಲವನ್ನೂ ಓದುತ್ತಾರೆ. ಮೊದಲೇ ಬಿಚ್ಚಿ ನೋಡುವುದಿಲ್ಲ, ಯಾವುದನ್ನೂ ತಡೆಹಿಡಿಯುವುದಿಲ್ಲ. ಒಮ್ಮೆ ಯಾರೋ "ನಮ್ಮ ಅತ್ತೆ ಅವರ ಊರಿಗೆ ಹೊರಟುಹೋದರು" ಎಂದು ಬರೆದು ಹಾಕಿದ್ದರು. ರೈಲು ತಪ್ಪಿಸಿಕೊಂಡು ವಾಪಸು ಬಂದಿದ್ದ ಆ ಅತ್ತೆ ಮುಂದಿನ ಬೆಂಚಿನಲ್ಲೇ ಕೂತಿದ್ದರೂ ಮೇಷ್ಟ್ರು ಒಂದಕ್ಷರ ಬಿಡದೆ ಓದಿದರು. ಜನ ಅಭ್ಯಾಸಬಲದಿಂದ ಸ್ತೋತ್ರ ಅಂದೂ ಬಿಟ್ಟರು. ಅತ್ತೆಯೂ ಅಂದರು.

ಇಸ್ತ್ರಿಯಮ್ಮ ಹೋದ ಭಾನುವಾರ ಹಾಕಿದ ಚೀಟಿಯಲ್ಲಿ ಹೀಗಿತ್ತು: "ನನ್ನ ಮಗಳಿಗೆ ಸುಖವಾಗಿ ಹೆರಿಗೆಯಾಯಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ."

ಆಗ ಮಗಳಿಗೆ ನೋವು ಕೂಡ ಶುರುವಾಗಿರಲಿಲ್ಲ.

ಹಾಗೆ ಬರೆಯುವುದಕ್ಕೆ ಕಾರಣವಿತ್ತು. ಮಗಳಿಗೆ ಎರಡು ಸಲ ಗರ್ಭ ನಿಂತು, ಒಂದು ಮೂರನೆಯ ತಿಂಗಳಿಗೆ, ಇನ್ನೊಂದು ಐದಕ್ಕೆ ಹೋಗಿತ್ತು. ಎರಡು ಸಲವೂ ಇಸ್ತ್ರಿಯಮ್ಮ ಮಂಡಿಯೂರಿ ಬೇಡಿಕೊಂಡದ್ದುಂಟು, ಅತ್ತದ್ದುಂಟು. ಮೂರನೆಯದು ಗಟ್ಟಿಯಾಗಿ ನಿಂತು ದಿನ ತುಂಬುತ್ತ ಬಂದಾಗ ಸಭಾಪಾಲಕರು ಒಂದು ಬೋಧನೆ ಮಾಡಿದರು. ಕೊಟ್ಟ ಮೇಲೆ ಸ್ತೋತ್ರ ಹೇಳುವುದು ಬರೀ ಮರ್ಯಾದೆ, ಕೊಡುವ ಮುಂಚೆ ಹೇಳುವುದು ನಂಬಿಕೆ ಅಂದರು. ಉಳಿದವರು ತಲೆಯಾಡಿಸಿ ಮನೆಗೆ ಹೋಗಿ ಮರೆತರು. ಇಸ್ತ್ರಿಯಮ್ಮ ಮರೆಯಲಿಲ್ಲ. ಯಾವುದನ್ನೂ ಅರ್ಧಂಬರ್ಧ ಮಾಡುವ ಜಾಯಮಾನ ಅವಳದಲ್ಲ. ಹಾಸಿಗೆಯ ಬಟ್ಟೆ ಮಡಿಸಿದರೂ ಅಂಚಿಗೆ ಅಂಚು ಕೂಡಬೇಕು. ಡಾಕ್ಟರು ಗುರುವಾರದ ದಿನ ಕೊಟ್ಟಿದ್ದರು. ಈ ಭಾನುವಾರ ಓದು ಮುಗಿದ ಮೇಲೆ ಹಾಕಿದರೆ ಮುಂದಿನ ಭಾನುವಾರ ಓದುತ್ತಾರೆ, ಅಷ್ಟರಲ್ಲಿ ಹೆರಿಗೆ ಆಗಿರುತ್ತದೆ, ಬರೆದದ್ದು ಸರಿಯಾಗಿ ಹೊಂದಿಕೊಳ್ಳುತ್ತದೆ ಎಂದು ಲೆಕ್ಕ ಹಾಕಿದಳು. ಇಷ್ಟು ನಂಬಿದವಳ ಮಾತು ತೆಗೆದುಹಾಕಲು ದೇವರಿಗಾದರೂ ಸಂಕೋಚವಾಗದೇ ಎಂಬ ಚಿಕ್ಕದೊಂದು ಹಟವೂ ಒಳಗಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಇಸ್ತ್ರಿಯಮ್ಮ ಎಂಬುದು ಆಸ್ಪತ್ರೆಯ ಲಾಂಡ್ರಿಯವರು ಇಟ್ಟ ಹೆಸರು. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಅವಳದು ಇಸ್ತ್ರಿಯ ಕೆಲಸ. ದೊಡ್ಡ ಬಟ್ಟೆಗಳು ಇಸ್ತ್ರಿ ಮಾಡುವ ಉರುಳೆ ಯಂತ್ರಕ್ಕೆ ಹೋಗುತ್ತವೆ. ಕೂಸುಗಳ ಹೊದಿಕೆ ಮಾತ್ರ ಅವಳ ಕೈಗೇ ಬರುತ್ತದೆ, ಉರುಳೆಗೆ ಕೊಟ್ಟರೆ ಅವು ಹಪ್ಪಳದಂತೆ ಸೆಟೆದುಕೊಳ್ಳುತ್ತವೆ. ಎರಡಡಿ ಚೌಕದ ಮೆತ್ತನೆಯ ಬಟ್ಟೆ, ಹಳದಿ ಅಂಚು. ಇಸ್ತ್ರಿ ಮಾಡಿ ಮಡಿಸಿ, ಒಂದೊಂದನ್ನೂ ಕೆನ್ನೆಗೆ ಒತ್ತಿ ನೋಡುತ್ತಾಳೆ. ಕೆನ್ನೆಗೆ ಬಿಸಿ ತಾಗದಿದ್ದರೆ ಕೂಸಿಗೂ ತಾಗುವುದಿಲ್ಲ. ಆಮೇಲೆ ಹತ್ತತ್ತರ ಕಟ್ಟು ಕಟ್ಟಿ, ವಾರ್ಡಿನ ಹೆಸರಿರುವ ಹಳದಿ ಚೀಟಿ ಸಿಕ್ಕಿಸಿ ಕಳಿಸುವುದು. ಆ ಚೀಟಿಗಳ ಹಿಂಬದಿ ಖಾಲಿ. ಉಳಿದವನ್ನು ಅವಳು ಮನೆಗೆ ತರುತ್ತಾಳೆ. ಅಂಗಡಿ ಸಾಮಾನಿನ ಪಟ್ಟಿಯಿಂದ ಹಿಡಿದು ಸ್ತೋತ್ರದ ಪೆಟ್ಟಿಗೆಗೆ ಹಾಕುವುದರವರೆಗೆ ಆ ಮನೆಯಲ್ಲಿ ಏನು ಬರೆದರೂ ಲಾಂಡ್ರಿ ಚೀಟಿಯ ಬೆನ್ನ ಮೇಲೇ.

ಕೊಳೆಯಾಗಿ ವಾಪಸು ಬರುವ ಹೊದಿಕೆಗಳಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ಕಡಿಮೆಯಿರುತ್ತದೆ. ಬೇರೆ ಯಾವ ಬಟ್ಟೆ ಕಡಿಮೆಯಾದರೂ ಮೇಲ್ವಿಚಾರಕಿ ವಾರ್ಡಿಗೆ ಫೋನು ಮಾಡಿ ಜಗಳ ತೆಗೆಯುತ್ತಾಳೆ. ಕೂಸಿನ ಹೊದಿಕೆಗೆ ಮಾತ್ರ ಯಾರೂ ಫೋನು ಮಾಡುವುದಿಲ್ಲ. ಅದು ಯಾರ ಮೈ ಸುತ್ತಿಕೊಂಡು, ಎಲ್ಲಿಗೆ ಹೋಯಿತು ಎಂದು ಲಾಂಡ್ರಿಯ ಹೆಂಗಸರಿಗೆ ಗೊತ್ತು. ಕಪಾಟಿನಿಂದ ಹೊಸದೊಂದನ್ನು ತೆಗೆದು, ಬಿರುಸು ಹೋಗಲೆಂದು ಎರಡು ಸಲ ಒಗೆದು, ಕಟ್ಟಿಗೆ ಸೇರಿಸಿಬಿಡುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಇಸ್ತ್ರಿಯಮ್ಮ ಎಷ್ಟು ಸಲ ಹಾಗೆ ಕಪಾಟಿನ ಬಾಗಿಲು ತೆಗೆದಿದ್ದಾಳೋ.

ಗುರುವಾರ ಮಗಳು ಆಸ್ಪತ್ರೆ ಸೇರಿದಾಗ ಅವಳು ಕೆಲಸದಲ್ಲೇ ಇದ್ದಳು. ಇಡೀ ಕಟ್ಟು ಬಿಚ್ಚಿ, ಒಗೆದು ಒಗೆದು ಹೂವಿನಷ್ಟು ಮೆತ್ತಗಾಗಿದ್ದ ಒಂದು ಹೊದಿಕೆಯನ್ನು ಆರಿಸಿದಳು. ಅದರ ಮೂಲೆಗೆ ನೀಲಿ ನೂಲಿನಲ್ಲಿ ಒಂದೇ ಒಂದು ಹೊಲಿಗೆ ಹಾಕಿ ವಾರ್ಡಿನ ಆಯಾಳ ಕೈಗೆ ಕೊಟ್ಟಳು. "ಇದು ನನ್ನ ಮೊಮ್ಮಗಂದು. ಬೇರೆ ಯಾರಿಗೂ ಸುತ್ತಬೇಡ."

"ಮೊಮ್ಮಗ ಅಂತ ಆಗ್ಲೇ ಗೊತ್ತಾಗ್ಬಿಡ್ತಾ?" ಆಯಾ ನಕ್ಕಿದ್ದಳು.

ಮಗಳು ಮಾತ್ರ ಹೆಣ್ಣೇ ಅನ್ನುತ್ತಿದ್ದಳು. ಇಷ್ಟು ಹಟ ಮಾಡಿ ಒದೆಯೋದು ನಮ್ಮ ಮನೆ ಹೆಂಗಸರೇ ಅಮ್ಮ, ನಿನ್ನದೇ ಬುದ್ಧಿ, ಎಂದು ಹೊಟ್ಟೆ ಸವರಿಕೊಳ್ಳುತ್ತಿದ್ದಳು. ಹೆಣ್ಣೇ ಆಯಿತು. ಶುಕ್ರವಾರ ನಸುಕಿಗೆ ಹುಟ್ಟಿತು, ಮಧ್ಯಾಹ್ನ ಮೂರಕ್ಕೆ ಹೋಯಿತು. ಹೃದಯ ಸರಿಯಾಗಿ ಬೆಳೆದಿರಲಿಲ್ಲ, ಯಾರ ತಪ್ಪೂ ಅಲ್ಲ ಎಂದು ಡಾಕ್ಟರಮ್ಮ ಮೂರು ಸಲ ಹೇಳಿದರು. ಆ ಒಂಬತ್ತು ಗಂಟೆಯಲ್ಲಿ ಮಗಳು ಅದನ್ನು ಎತ್ತಿಕೊಂಡದ್ದು ಒಂದೇ ಸಲ, ಕೊನೆಗೆ. ಆಗ ಅದರ ಮೈಮೇಲೆ ನೀಲಿ ಹೊಲಿಗೆಯ ಹೊದಿಕೆಯಿತ್ತು. ಅದೇ ಹೊದಿಕೆಯಲ್ಲೇ ಅದನ್ನು ಮಣ್ಣಿಗೂ ಇಟ್ಟರು.

ಇವೆಲ್ಲಕ್ಕಿಂತ ಇಸ್ತ್ರಿಯಮ್ಮನ ಎದೆಯಲ್ಲಿ ಮುಳ್ಳಾಗಿ ಮುರಿದದ್ದು ಬೇರೆ. ಶುಕ್ರವಾರ ನಸುಕಿನಲ್ಲಿ ನೋವು ಜೋರಾಗಿ ಮಗಳು ಹೆದರಿ ಕೈ ಹಿಡಿದುಕೊಂಡಾಗ ಅವಳು ಧೈರ್ಯ ಹೇಳಲು ಹೋಗಿ, "ಏನೂ ಆಗಲ್ಲ ಕಣೇ. ಎಲ್ಲ ಚೆನ್ನಾಗಾಯ್ತು ಅಂತ ಹೋದ ವಾರಾನೇ ಸ್ತೋತ್ರದ ಚೀಟಿ ಹಾಕ್ಬಿಟ್ಟಿದ್ದೀನಿ," ಅಂದಿದ್ದಳು. ಮಗಳು ಆ ನೋವಿನಲ್ಲೂ ಕಣ್ಣರಳಿಸಿ ತಾಯಿಯನ್ನು ನೋಡಿದಳು. ಆಮೇಲೆ ಕೈ ಬಿಟ್ಟಳು. ಮಧ್ಯಾಹ್ನ ಮೂರರ ನಂತರ ಅವಳು ತಾಯಿಯೊಂದಿಗೆ ಒಂದು ಮಾತೂ ಆಡಿರಲಿಲ್ಲ. ಶನಿವಾರ ಸಂಜೆ ಮನೆಗೆ ಕರೆತಂದರೆ ಗೋಡೆಯ ಕಡೆ ತಿರುಗಿ ಮಲಗಿದಳು. ಬಿಸಿ ಹಾಲು ಕೊಟ್ಟರೆ ಗಂಡನ ಕೈಯಿಂದ ತೆಗೆದುಕೊಂಡಳು, ತಾಯಿಯ ಕೈಯಿಂದ ಇಲ್ಲ.

ಭಾನುವಾರ ಬೆಳಿಗ್ಗೆ ಏಳಕ್ಕೆಲ್ಲ ಇಸ್ತ್ರಿಯಮ್ಮ ಪ್ರಾರ್ಥನಾಲಯದಲ್ಲಿದ್ದಳು. ಮೇಷ್ಟ್ರು ಆ ಹೊತ್ತಿಗೆ ಬಂದೇ ಇರುತ್ತಾರೆ. ಅವತ್ತು ಹಾಡಬೇಕಾದ ಕೀರ್ತನೆಗಳ ಸಂಖ್ಯೆಯನ್ನು ಗೋಡೆಯ ಹಲಗೆಗೆ ಹಾಕುವುದು ಅವರ ಕೆಲಸ. ಸ್ಟೂಲಿನ ಮೇಲೆ ನಿಂತು, ಅಂಕಿ ಬರೆದ ಮರದ ಬಿಲ್ಲೆಗಳನ್ನು ಒಂದೊಂದಾಗಿ ಹುಡುಕಿ ಸಿಕ್ಕಿಸುತ್ತಿದ್ದರು.

"ಏನಮ್ಮಾ," ಅಂದರು ತಿರುಗದೆಯೇ. ಅವಳಿಗೆ ಐದನೇ ಕ್ಲಾಸಿನಲ್ಲಿ ಪಾಠ ಹೇಳಿದವರು. ಕಾಲೆಳೆದು ನಡೆಯುವ ಸದ್ದು ಆಗಿನಿಂದ ಗೊತ್ತು. "ಮಗಳು ಹೇಗಿದ್ದಾಳೆ?"

"ಮಲಗಿದ್ದಾಳೆ. ಮೇಷ್ಟ್ರೇ, ಒಂದು ಕೇಳೋದಿತ್ತು."

"ಕೇಳು."

"ಪೆಟ್ಟಿಗೇಲಿ ನಂದೊಂದು ಚೀಟಿ ಇದೆ. ವಾಪಸ್ ಬೇಕು."

ಮೇಷ್ಟ್ರ ಕೈ ಹಲಗೆಯ ಮೇಲೆಯೇ ನಿಂತಿತು. "ಹಾಗೆ ವಾಪಸ್ ಕೊಡೋ ಪದ್ಧತಿ ಇಲ್ಲ. ನಿನಗೇ ಗೊತ್ತಲ್ಲ."

"ಗೊತ್ತು."

"ಹತ್ತೊಂಬತ್ತು ವರ್ಷದಲ್ಲಿ ಒಬ್ರಿಗೂ ಕೊಟ್ಟಿಲ್ಲ. ಪೆಟ್ಟಿಗೆಗೆ ಬಿದ್ದ ಮೇಲೆ ಅದು ನಮ್ಮದಲ್ಲ."

"ಅದ್ರಲ್ಲಿ ಬರೆದಿರೋದು ಸುಳ್ಳು ಮೇಷ್ಟ್ರೇ."

ಅವರು ಸ್ಟೂಲಿನ ಮೇಲೆಯೇ ತಿರುಗಿದರು.

"ಹೆರಿಗೆಗೆ ಮುಂಚೇನೇ ಬರೆದು ಹಾಕ್ಬಿಟ್ಟೆ. ಸುಖವಾಗಿ ಆಯ್ತು, ತಾಯಿ ಮಗು ಇಬ್ರೂ ಚೆನ್ನಾಗಿದ್ದಾರೆ ಅಂತ. ನೀವು ಓದ್ತೀರಿ. ಜನ ಸ್ತೋತ್ರ ಅಂದ್ಬಿಡ್ತಾರೆ. ಅವರದೇನೂ ತಪ್ಪಿಲ್ಲ, ಅಭ್ಯಾಸ, ಬಾಯಿಗೆ ಬಂದ್ಬಿಡುತ್ತೆ. ನಿನ್ನೆ ತಾನೇ ಮಣ್ಣಿಗೆ ಇಟ್ಟು ಬಂದಿದ್ದೀವಿ. ಅದಕ್ಕೆ ಅವರೆಲ್ಲ ಸೇರ್ಕೊಂಡು ಸ್ತೋತ್ರ ಅಂದ್ರೆ ನಾನು ಎಲ್ಲಿಗೆ ಹೋಗ್ಲಿ."

ಮೇಷ್ಟ್ರು ಕೆಳಗಿಳಿದರು. ಈ ವಯಸ್ಸಿನಲ್ಲಿ ಅದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಜೇಬಿನಿಂದ ಬೀಗದಕೈ ತೆಗೆದು, ಪೆಟ್ಟಿಗೆ ತೆರೆದು, ಚೀಟಿಗಳನ್ನೆಲ್ಲ ಬಾಚಿ ಪುಸ್ತಕಗಳ ಮೇಜಿನ ಮೇಲೆ ಸುರಿದರು.

"ನಾನು ನೋಡಲ್ಲ. ನಿನ್ನದು ಯಾವುದೋ ಅದನ್ನ ತಗೋ. ಉಳಿದದ್ದನ್ನ ಮೊದಲಿದ್ದ ಹಾಗೆ ಒಳಗೆ ಹಾಕು," ಅಂದು ಮತ್ತೆ ಸ್ಟೂಲು ಹತ್ತಿ ಬೆನ್ನು ತಿರುಗಿಸಿ ನಿಂತರು.

ಹನ್ನೊಂದು ಚೀಟಿಗಳಿದ್ದವು. ಹಳದಿಯದನ್ನು ಹುಡುಕಿದರೆ ಸಾಕಿತ್ತು. ಆದರೆ ಹಳದಿಯವು ಎರಡಿದ್ದವು. ಇಸ್ತ್ರಿಯಮ್ಮ ಕೈಗೆ ಸಿಕ್ಕಿದ ಒಂದನ್ನು ಬಿಚ್ಚಿದಳು. ಅಕ್ಷರ ಅವಳದಲ್ಲ. ದುಂಡಗೆ, ಸಾಲು ಕೊಂಚ ಮೇಲಕ್ಕೆ ಏರುತ್ತ ಹೋಗುವ ಆ ಬರಹವನ್ನು ಅವಳು ಸ್ಲೇಟಿನ ಕಾಲದಿಂದ ನೋಡಿದ್ದಳು.

"ಈ ಸಲ ಒಂಬತ್ತು ತಿಂಗಳು ತುಂಬಿತು. ಇಡೀ ರಾತ್ರಿ ಒದೆಯುತ್ತಾಳೆ, ನನಗೆ ನಿದ್ದೆಯಿಲ್ಲ. ಇಷ್ಟು ದಿನ ಇವಳು ನನ್ನ ಜೊತೆಗಿದ್ದದ್ದಕ್ಕೆ ಸ್ತೋತ್ರ. ಇದಕ್ಕಿಂತ ಮುಂದೆ ಕೇಳಲು ನನಗೆ ಧೈರ್ಯವಿಲ್ಲ."

ಅವಳು ಎರಡು ಸಲ ಓದಿದಳು. ಮಗಳು ಹೋದ ಭಾನುವಾರವೇ ಹಾಕಿರಬೇಕು. ಅವಳು ಪ್ರಾರ್ಥನಾಲಯಕ್ಕೆ ಬಂದದ್ದು ಅದೇ ಕೊನೆ. ತಾಯಿ ಮಗಳು ಒಟ್ಟಿಗೇ ಬಂದಿದ್ದರು. ಹೊರಡುವಾಗ ಮಗಳು, ಛತ್ರಿ ಬಿಟ್ಟು ಬಂದೆ ತಾಳಮ್ಮ, ಎಂದು ಒಳಗೆ ಹೋಗಿದ್ದಳು. ಅದಕ್ಕೆ ತುಸು ಮುಂಚೆ, ಓದು ಮುಗಿದ ಮೇಲೆ, ಇಸ್ತ್ರಿಯಮ್ಮನೂ ಛತ್ರಿಯದೇ ನೆಪ ಹೇಳಿ ಅದೇ ಪೆಟ್ಟಿಗೆಯ ಬಳಿಗೆ ಹೋಗಿ ಬಂದಿದ್ದಳು. ಒಂದೇ ಮನೆಯಲ್ಲಿ, ಒಂದೇ ಕಟ್ಟಿನ ಚೀಟಿ ಹರಿದು, ಒಬ್ಬರಿಗೊಬ್ಬರು ಹೇಳದೆ ಇಬ್ಬರೂ ಬರೆದಿದ್ದರು. ತಾನು ಎಲ್ಲವನ್ನೂ ಬರೆದಿದ್ದಳು, ಆಗದೇ ಇದ್ದದ್ದನ್ನೂ. ಮಗಳು ಆದಷ್ಟನ್ನು ಮಾತ್ರ ಬರೆದಿದ್ದಳು.

ಇನ್ನೊಂದು ಹಳದಿ ಚೀಟಿ ಬಿಚ್ಚಿ ತನ್ನದೇ ಎಂದು ನೋಡಿಕೊಂಡಳು. ಎರಡನ್ನೂ ಒಟ್ಟಿಗೆ ಮುಷ್ಟಿಯಲ್ಲಿ ಹಿಡಿದು, ಉಳಿದವನ್ನು ಪೆಟ್ಟಿಗೆಗೆ ಹಾಕಿದಳು.

"ಸಿಕ್ತಾ?" ಮೇಷ್ಟ್ರು ಗೋಡೆಗೆ ಕೇಳಿದಂತೆ ಕೇಳಿದರು.

"ಸಿಕ್ತು."

"ಎರಡು ಸಲ ಬಿಚ್ಚಿದ ಸದ್ದಾಯ್ತು."

"ಒಂದು ಬೇರೆಯವರದ್ದು."

"ಹಾಗಾದ್ರೆ ಅದನ್ನ ಒಳಗೆ ಹಾಕು. ನಿನ್ನದನ್ನ ನಿನಗೆ ಕೊಟ್ಟೆ. ಹತ್ತೊಂಬತ್ತು ವರ್ಷದ ಮಾತು ಮುರಿದು ಕೊಟ್ಟೆ. ಬೇರೆಯವರು ದೇವರ ಹತ್ರ ಆಡಿದ ಮಾತನ್ನ ತಡೆಯೋಕೆ ನಾನೂ ಯಾರಲ್ಲ, ನೀನೂ ಯಾರಲ್ಲ."

ಇದು ನನ್ನ ಮಗಳದ್ದು ಎಂದು ಒಂದು ಮಾತು ಹೇಳಿದ್ದರೆ ಮೇಷ್ಟ್ರು ಅದನ್ನೂ ಬಿಡುತ್ತಿದ್ದರೇನೋ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮಗಳು ಯಾರಿಗೂ ಹೇಳದೆ ಬಚ್ಚಿಟ್ಟದ್ದನ್ನು ಬಾಯಿಬಿಟ್ಟು ಹೇಳಲು ಅವಳಿಂದ ಆಗಲಿಲ್ಲ. ಮುಷ್ಟಿ ಬಿಚ್ಚಿ ಮಗಳ ಚೀಟಿಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿದಳು, ಅಂಚಿಗೆ ಅಂಚು ಕೂಡಿಸಿ. ಪೆಟ್ಟಿಗೆಯ ಬಾಯಿಗೆ ಹಾಕಿದಳು.

ಆರಾಧನೆಗೆ ಅಳಿಯ ಬಂದು ಅವಳ ಪಕ್ಕದಲ್ಲಿ ಕೂತ. ಬಸ್ಸಿನ ಡ್ರೈವರು, ಎಂಥ ಗದ್ದಲದಲ್ಲೂ ಮುಂದೆ ನೋಡಿಕೊಂಡು ಸುಮ್ಮನೆ ಕೂರುವುದು ರೂಢಿಯಾದವನು. ಇವತ್ತೂ ಹಾಗೇ ಕೂತಿದ್ದ. ಪಕ್ಕದ ಮನೆಯ ಹೆಂಗಸನ್ನು ನಿಮ್ಮ ಮಗಳ ಹತ್ತಿರ ಕೂರಿಸಿ ಬಂದಿದ್ದೇನೆ, ಅವಳೇ ಹೋಗಿ ಬಾ ಅಂದಳು, ಎಂದು ಪಿಸುಗುಟ್ಟಿದ. ಹಾಡಾಯಿತು, ಬೋಧನೆಯಾಯಿತು. ಸಭಾಪಾಲಕರು ನೋವಿನ ಬಗ್ಗೆ ಏನೇನೋ ಒಳ್ಳೆಯ ಮಾತು ಹೇಳಿದರು. ಇಸ್ತ್ರಿಯಮ್ಮನ ಕಿವಿಗೆ ಒಂದೂ ಬೀಳಲಿಲ್ಲ. ಅವಳು ಗೋಡೆಯ ಗಡಿಯಾರ ನೋಡುತ್ತಿದ್ದಳು. ಹತ್ತೂ ಮುಕ್ಕಾಲಿಗೆ ಮೇಷ್ಟ್ರು ಎದ್ದರು.

ಮೊದಲ ನಾಲ್ಕು ಚೀಟಿ ಸಲೀಸಾಗಿ ಹೋದವು. ಕಣ್ಣಿನ ಆಪರೇಷನ್ ಆದವರೊಬ್ಬರದು, ಬಾಡಿಗೆ ಮನೆ ಸಿಕ್ಕವರದೊಂದು. ಜನರ ಸ್ತೋತ್ರ ಎಂದಿನ ಲಯದಲ್ಲಿ ಬರುತ್ತಿತ್ತು. ಐದನೆಯದು ಹಳದಿ.

ಮೇಷ್ಟ್ರು ಬಿಚ್ಚಿದರು. ಕಣ್ಣು ಆಡಿಸಿದರು. ಓದುವ ಮೊದಲು ಕಣ್ಣು ಆಡಿಸಿದ್ದನ್ನು ಆ ಸಭೆ ಯಾವತ್ತೂ ಕಂಡಿರಲಿಲ್ಲ. ಕನ್ನಡಕದ ಮೇಲಿನಿಂದ ಇಸ್ತ್ರಿಯಮ್ಮನನ್ನು ನೋಡಿದರು. ಅವಳು ತಲೆ ತಗ್ಗಿಸಲಿಲ್ಲ. ಬೆಳಿಗ್ಗೆ ತಾವು ಆಡಿದ ಮಾತು ಅವರಿಗೆ ಆಗ ನೆನಪಾಗಿರಬೇಕು. ಗಂಟಲು ಸರಿಮಾಡಿಕೊಂಡು ಓದಲು ಶುರುಮಾಡಿದರು. ನದಿಗಳ ಹೆಸರು ಓದುವ ದನಿಯಲ್ಲೇ ಶುರುಮಾಡಿದರು, ಕೊನೆಯವರೆಗೆ ಅದು ಉಳಿಯಲಿಲ್ಲ. "ಇಷ್ಟು ದಿನ ಇವಳು ನನ್ನ ಜೊತೆಗಿದ್ದದ್ದಕ್ಕೆ" ಎಂಬಲ್ಲಿ ಒಡೆಯಿತು. ಕೊನೆಯ ಸಾಲನ್ನು ಬಹಳ ಮೆಲ್ಲಗೆ ಓದಿ ಚೀಟಿ ಮಡಿಸಿದರು.

ಯಾರ ಬಾಯಿಂದಲೂ ಮಾತು ಹೊರಡಲಿಲ್ಲ. ಹೆಸರಿರದಿದ್ದರೇನು, ನಿನ್ನೆ ಗುಂಡಿಯ ಸುತ್ತ ನಿಂತವರೇ ಅಲ್ಲವೇ ಎಲ್ಲರೂ. ಅಳಿಯ ಮುಂದಿನ ಬೆಂಚಿನ ಬೆನ್ನಿಗೆ ಹಣೆ ಹಚ್ಚಿದ. ಅವನ ಭುಜ ಅಲುಗುತ್ತಿತ್ತು. ಮೇಷ್ಟ್ರು ಕಾದರು. ಜನ ಕಾಯುತ್ತಿದ್ದರು. ತಾನು ಅಂದರೆ ಎಲ್ಲರೂ ಅನ್ನುತ್ತಾರೆ ಎಂದು ಇಸ್ತ್ರಿಯಮ್ಮನಿಗೆ ಬೆನ್ನಿನಿಂದಲೇ ತಿಳಿಯಿತು. ಬಾಯಿ ತೆರೆದಳು. ಆ ಕ್ಷಣಕ್ಕೆ ಅವಳಲ್ಲಿದ್ದದ್ದು ದುಃಖವಲ್ಲ, ಸಿಟ್ಟು. ಹೆತ್ತ ಮಗಳಿಗೆ ಕೂಡ ಯಾವತ್ತೂ ತೋರಿಸದಂಥ ಸಿಟ್ಟು. ಒಂದು ಕೂಸನ್ನು ಕೊಟ್ಟು ಒಂಬತ್ತು ಗಂಟೆಯಲ್ಲಿ ಕಿತ್ತುಕೊಂಡವನಿಗೆ ಸ್ತೋತ್ರ ಅನ್ನುವುದಿಲ್ಲ, ಅನ್ನಲಾರೆ ಅಂತಲ್ಲ, ಅನ್ನುವುದೇ ಇಲ್ಲ. ತೆರೆದ ಬಾಯಿ ಮುಚ್ಚಿದಳು.

ಮೇಷ್ಟ್ರು ಆರನೆಯ ಚೀಟಿ ತೆಗೆದರು. ಯಾರದೋ ಮನೆಯ ಸೋರುವ ಕೊಳಾಯಿ ಕೊನೆಗೂ ರಿಪೇರಿಯಾಗಿತ್ತು. ಅದಕ್ಕೂ ಸ್ತೋತ್ರ ಅನ್ನಲು ಯಾರಿಗೂ ಮನಸ್ಸಾಗಲಿಲ್ಲ.

ಮನೆಗೆ ಬಂದಾಗ ಪಕ್ಕದ ಮನೆಯವಳು ಎದ್ದು ಹೋದಳು. ಅಳಿಯ ಹೊರಗಿನ ಮೆಟ್ಟಿಲ ಮೇಲೆ ಕೂತುಬಿಟ್ಟ, ಒಳಗೆ ಬರಲಿಲ್ಲ. ಮಗಳು ಗೋಡೆಯ ಕಡೆಗೇ ಮಲಗಿದ್ದಳು. ಇಸ್ತ್ರಿಯಮ್ಮ ಸದ್ದಾಗದಂತೆ ಚೀಲ ಇಟ್ಟು, ಕಿಟಕಿಯ ಪರದೆ ಎಳೆಯಲು ಹೋದಳು.

"ಓದಿದ್ರಾ?"

ಎರಡು ದಿನದ ಮೇಲೆ ಆಡಿದ ಮೊದಲ ಮಾತು. ಇಸ್ತ್ರಿಯಮ್ಮನ ಕೈ ಪರದೆಯ ಮೇಲೆಯೇ ನಿಂತಿತು. "ಏನನ್ನ?"

"ನನ್ನ ಚೀಟಿ."

"ಓದಿದ್ರು ಕಂದ."

"ನಿಂದು?"

"ನಂದು ಬೆಳಿಗ್ಗೇನೇ ಹೋಗಿ ತೆಗೆಸ್ಬಿಟ್ಟೆ."

"ಒಳ್ಳೇದಾಯ್ತು. ಜನ ಸ್ತೋತ್ರ ಅಂದ್ರಾ?"

ಅಂದರು ಎಂದು ಹೇಳಿಬಿಡುವುದು ಸುಲಭವಿತ್ತು. ಆದರೆ ಆ ವಾರಕ್ಕೆ ಒಂದು ಸುಳ್ಳು ಸಾಕಾಗಿತ್ತು.

"ಇಲ್ಲ ಕಣೇ. ಯಾರಿಗೂ ಬಾಯೇ ಬರಲಿಲ್ಲ."

"ನೀನು?"

"ನಾನೂ ಅನ್ನಲಿಲ್ಲ. ಬಾಯಿ ಬಂದಿತ್ತು, ಅನ್ನಲಿಲ್ಲ."

ಮಗಳು ನಿಧಾನವಾಗಿ, ನೋವಿಗೆ ಹಲ್ಲು ಕಚ್ಚಿ, ಈ ಕಡೆ ತಿರುಗಿದಳು. ಮುಖ ಊದಿಕೊಂಡಿತ್ತು. ತಾಯಿಯನ್ನು ಸಿಟ್ಟಿನಿಂದ ನೋಡುತ್ತಾಳೆ ಎಂದು ಇಸ್ತ್ರಿಯಮ್ಮ ಮೈ ಗಟ್ಟಿ ಮಾಡಿಕೊಂಡಳು. ಮಗಳು ನೋಡಿದ್ದು ಅವಳ ತಲೆಯ ಮೇಲಿನ ಗಡಿಯಾರವನ್ನು.

"ನಾನಂದೆ," ಅಂದಳು. "ಹತ್ತೂ ಮುಕ್ಕಾಲಿಗಲ್ವಾ ಮೇಷ್ಟ್ರು ಏಳೋದು. ಗಡಿಯಾರ ನೋಡ್ಕೊಂಡೇ ಇದ್ದೆ. ಅಷ್ಟು ಹೊತ್ತಿಗೆ ಓದಿರ್ತಾರೆ ಅಂತ, ಒಬ್ಳೇ ಅಂದೆ. ಪಕ್ಕದ್ಮನೆ ಆಂಟಿ ನಾನು ಏನೋ ಕೇಳ್ತಿದ್ದೀನಿ ಅಂದ್ಕೊಂಡು ನೀರು ತಂದ್ಕೊಟ್ರು."

ಇಸ್ತ್ರಿಯಮ್ಮ ಮಂಚದ ಅಂಚಿನಲ್ಲಿ ಕೂತಳು. ಏನಾದರೂ ಹೇಳಬೇಕಿತ್ತು, ಕ್ಷಮಿಸು ಅಂತಲೋ, ನಾನು ಆ ಮಾತು ಆಡಬಾರದಿತ್ತು ಅಂತಲೋ. ಹೇಳುವಷ್ಟರಲ್ಲಿ ಮಗಳೇ, ಚಿಕ್ಕಂದಿನಲ್ಲಿ ಮೊಣಕಾಲು ಕೆರೆದುಕೊಂಡು ಬಂದಾಗ ಹೇಳುತ್ತಿದ್ದ ದನಿಯಲ್ಲಿ, "ಅಮ್ಮ, ಎದೆ ನೋಯ್ತಿದೆ," ಅಂದಳು. "ಹಾಲು ಬಂದಿದೆ."

ಅಂಗಿಯ ಮುಂಭಾಗ ಎರಡೂ ಕಡೆ ನೆಂದಿತ್ತು.

ಇಸ್ತ್ರಿಯಮ್ಮ ಎದ್ದು ಟ್ರಂಕಿನಿಂದ ಹಳೆಯ ಹಾಸಿಗೆ ಬಟ್ಟೆಯೊಂದನ್ನು ತೆಗೆದಳು. ಒಗೆದು ಒಗೆದು ಸವೆದ ಬಟ್ಟೆ; ಹಲ್ಲಿನಲ್ಲಿ ಅಂಚು ಕಚ್ಚಿ ಉದ್ದಕ್ಕೆ ಸೀಳಿದಳು. ಮಗಳನ್ನು ಎಬ್ಬಿಸಿ ಕೂರಿಸಿ, ಅಂಗಿ ಬಿಚ್ಚಿ, ಹಾಲು ನಿಲ್ಲಲೆಂದು ಎದೆಯ ಸುತ್ತ ಪಟ್ಟಿ ಸುತ್ತತೊಡಗಿದಳು. ಹಾಲು ಬೆಚ್ಚಗೆ ಅವಳ ಮಣಿಕಟ್ಟಿನ ಮೇಲೆ ಹರಿಯಿತು. ಒರೆಸಿಕೊಳ್ಳಲಿಲ್ಲ.

"ಬಿಗಿ ಆಯ್ತಾ?"

"ಇನ್ನೂ ಬಿಗಿ ಕಟ್ಟಮ್ಮ."

ಅವಳು ಕಟ್ಟಿದಳು. ಕೊನೆಯ ಸುತ್ತು ಬೆನ್ನಿನ ಕಡೆಯಿಂದ ಬರುವಾಗ ಮಗಳ ಹಣೆ ಅವಳ ಹೆಗಲಿಗೆ ಬಂದು ತಗಲಿತು, ಅಲ್ಲೇ ಉಳಿಯಿತು. ಇಬ್ಬರೂ ಅತ್ತರು. ಹೊರಗೆ ಮೆಟ್ಟಿಲ ಮೇಲೆ ಕೂತಿದ್ದವನಿಗೂ ಅದು ಕೇಳಿಸಿತು.

ಬುಧವಾರ ಇಸ್ತ್ರಿಯಮ್ಮ ಕೆಲಸಕ್ಕೆ ಹೋದಳು. ಇನ್ನೊಂದು ವಾರ ರಜೆ ತಗೊಳ್ಳಿ ಅಕ್ಕ ಎಂದು ಮೇಲ್ವಿಚಾರಕಿ ಫೋನಿನಲ್ಲಿ ಹೇಳಿದ್ದಳು. ಮನೆಯಲ್ಲಿ ಕೂತು ಕೈಗೆ ಏನು ಹೇಳಲಿ ಎಂದು ಇವಳೇ ಹೊರಟಳು. ಲಾಂಡ್ರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೈ ಹಿಡಿದುಕೊಂಡರು. ಯಂತ್ರಗಳ ಗದ್ದಲದಲ್ಲಿ ಸಮಾಧಾನ ಹೇಳುವ ಕಷ್ಟ ಯಾರಿಗೂ ಇರಲಿಲ್ಲ, ಅದೊಂದು ಪುಣ್ಯ. ಅವಳ ಮೇಜಿನ ಮೇಲೆ ದಿಂಬಿನ ಚೀಲಗಳನ್ನು ರಾಶಿ ಹಾಕಿದ್ದರು. ಹೆರಿಗೆ ವಾರ್ಡಿನ ಮೂಟೆ ಎಲ್ಲೂ ಕಾಣಲಿಲ್ಲ. ಕಣ್ಣಾಡಿಸಿದಾಗ ಅದು ದೂರದ ಮೂಲೆಯಲ್ಲಿ, ಇನ್ನೊಬ್ಬಳ ಮೇಜಿನ ಕೆಳಗೆ, ಬೇರೆ ಬಟ್ಟೆ ಮುಚ್ಚಿಕೊಂಡು ಕೂತಿತ್ತು.

ಅವಳೇ ಹೋಗಿ ಎಳೆದುಕೊಂಡು ಬಂದಳು. ಯಾರೂ ತಡೆಯಲಿಲ್ಲ. ಒಗೆದ ಹೊದಿಕೆಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿದಳು. ಇಪ್ಪತ್ತೊಂಬತ್ತು ಇದ್ದವು. ಪ್ರತಿಯೊಂದರ ನಾಲ್ಕು ಮೂಲೆಯನ್ನೂ ನೋಡಿದಳು. ಯಾವುದರಲ್ಲೂ ನೀಲಿ ನೂಲಿರಲಿಲ್ಲ. ಇರುವುದಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆದರೂ ಮೊದಲಿನಿಂದ ಇನ್ನೊಮ್ಮೆ ನೋಡಿದಳು.

ಆಮೇಲೆ ಕಪಾಟಿನ ಬಾಗಿಲು ತೆಗೆದಳು. ಹೊಸ ಹೊದಿಕೆಯೊಂದನ್ನು ತೆಗೆದುಕೊಂಡು, ಯಂತ್ರಕ್ಕೆ ಹಾಕದೆ, ಬಚ್ಚಲಿನ ಬಳಿ ಕೂತು ಕೈಯಲ್ಲೇ ಎರಡು ಸಲ ಒಗೆದಳು. ಒಣಗಿಸುವ ಯಂತ್ರದ ಮುಂದೆ ಅದು ಒಣಗುವವರೆಗೂ ನಿಂತಿದ್ದಳು. ಇಸ್ತ್ರಿ ಮಾಡಿ, ಅಂಚಿಗೆ ಅಂಚು ಕೂಡಿಸಿ ನಾಲ್ಕಾಗಿ ಮಡಿಸಿ, ಎತ್ತಿ ಕೆನ್ನೆಗೆ ಒತ್ತಿಕೊಂಡಳು.

ಇಸ್ತ್ರಿ ಮುಗಿದು ಉಳಿದವೆಲ್ಲ ಕಟ್ಟಾಗಿ ನಿಂತಿದ್ದವು, ಹಳದಿ ಚೀಟಿ ಸಿಕ್ಕಿಸಿಕೊಂಡು. ವಾರ್ಡಿನ ಆಯಾ ಬಂದು ಬಾಗಿಲಲ್ಲಿ ಕಾಯುತ್ತಿದ್ದಳು. ಮೇಲೆ ಎರಡು ಹೆರಿಗೆಯಾಗಿತ್ತಂತೆ. ಮೇಲ್ವಿಚಾರಕಿ ಮೆಲ್ಲಗೆ ಹತ್ತಿರ ಬಂದಳು.

"ಬಿಸಿ ಆರ್ತಾ ಅಕ್ಕ?"

ಬಟ್ಟೆ ಯಾವಾಗಲೋ ತಣ್ಣಗಾಗಿತ್ತು. ಇಸ್ತ್ರಿಯಮ್ಮ ಕಣ್ಣು ತೆರೆಯಲಿಲ್ಲ.

"ಇನ್ನೂ ಇಲ್ಲ," ಅಂದಳು.